ಐದಡಿ ಒಂದಿಂಚಿನವಳಿಗೆ 805 ಮಿಲಿಮೀಟರ್ ಸೀಟು: ಘಟ್ಟದ ದಾರಿಗೆ ಬೈಕನ್ನು ಒಗ್ಗಿಸಿಕೊಳ್ಳುವುದು ಹೇಗೆ?

ದಣಪೆಯಾಚೆ (ಹೊಸನಗರ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನನ್ನದು ದನಕರುಗಳ ಚಿಕಿತ್ಸೆಯ ಕೆಲಸ. ಕಾಲುಬಾಯಿ ಜ್ವರದ ಲಸಿಕೆ ಹಾಕುವ ದಿನಗಳಲ್ಲಿ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ನಾಲ್ಕೈದು ಹಳ್ಳಿ ಸುತ್ತಿ ಬರುವಾಗ ಕತ್ತಲಾಗಿರುತ್ತದೆ. ಆರು ವರ್ಷ ಸ್ಕೂಟರಿನಲ್ಲೇ ಓಡಾಡಿದೆ. ಕಳೆದ ವರ್ಷ ಅಣ್ಣ ಊರು ಬಿಡುವಾಗ ತನ್ನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕನ್ನು ನನಗೆ ಕೊಟ್ಟು ಹೋದ. ಅದರ ಮೇಲೆ ನನಗೆ ಬಹಳ ಆಸೆಯಿತ್ತು, ಈಗಲೂ ಇದೆ.

ಗಾಡಿ ಚಲಿಸುತ್ತಿರುವಷ್ಟು ಹೊತ್ತು ಯಾವ ತೊಂದರೆಯೂ ಇಲ್ಲ. ಹೊಂಡ ಬಿದ್ದ ದಾರಿಯಲ್ಲೂ ಸ್ಕೂಟರಿನಂತೆ ಸೊಂಟಕ್ಕೆ ಪೆಟ್ಟು ಕೊಡುವುದಿಲ್ಲ. ನಿಲ್ಲಿಸಬೇಕು ಎಂದಾಗಲೇ ಎದೆ ಡವಗುಟ್ಟುತ್ತದೆ. ನನ್ನ ಎತ್ತರ ಐದಡಿ ಒಂದಿಂಚು. ಸೀಟಿನ ಎತ್ತರ 805 ಮಿಲಿಮೀಟರ್, ಗಾಡಿಯ ತೂಕ 195 ಕಿಲೋ. ಕುಳಿತರೆ ಎರಡೂ ಕಾಲಿನ ಹೆಬ್ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ.

ಹೋದ ವಾರ ಬಿದ್ದೆ. ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಒಂದು ದಣಪೆ (ಅಡ್ಡಗಳು ಸರಿಸಿ ತೆಗೆಯುವ ಬೇಲಿಬಾಗಿಲು) ಇದೆ. ಅದನ್ನು ಸರಿಸಲು ಏರಿನಲ್ಲೇ ಗಾಡಿ ನಿಲ್ಲಿಸಬೇಕು. ಮಳೆ ಜಿನುಗುತ್ತಿತ್ತು. ಎಂದಿನಂತೆ ಎಡಗಾಲು ಇಳಿಸಿದೆ. ನೆಲವಿರಬೇಕಾದಲ್ಲಿ ತರಗೆಲೆ ತುಂಬಿದ ಚರಂಡಿ ಇತ್ತು. ಕಾಲು ಎಲೆಯೊಳಗೆ ಇಳಿಯುತ್ತಲೇ ಹೋಯಿತು, ಅದರ ಹಿಂದೆಯೇ ಗಾಡಿ ವಾಲಿತು. ಲಸಿಕೆಯ ಪೆಟ್ಟಿಗೆ ಒಡೆಯಲಿಲ್ಲ, ನನ್ನ ಮೊಣಕಾಲು ಮಾತ್ರ ಊದಿಕೊಂಡಿದೆ. ಗಾಡಿ ಎತ್ತಲು ಆಗದೆ, ತೋಟದಲ್ಲಿ ಔಷಧಿ ಹೊಡೆಯುತ್ತಿದ್ದವರನ್ನು ಕೂಗಿ ಕರೆಯಬೇಕಾಯಿತು.

ಮನೆಯಲ್ಲಿ ಎಲ್ಲರೂ ಮಾರಿಬಿಡು ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಶಾಕ್ ಅಬ್ಸಾರ್ಬರ್ ಬದಲಿಸಿ ಗಾಡಿಯನ್ನೇ ತಗ್ಗಿಸಬಹುದು ಎಂದು ಒಬ್ಬರು ಹೇಳಿದರು. ಮಾಡಿಸಬಹುದೇ? ನನ್ನಂತೆ ಕುಳ್ಳಗಿದ್ದು ದೊಡ್ಡ ಗಾಡಿ ಓಡಿಸುವವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ.

ತುಂಗೆಯ ದಡ (ತೀರ್ಥಹಳ್ಳಿ)

ಅಕ್ಕ, ಗಾಡಿ ತಗ್ಗಿಸುವ ಮುನ್ನ ನನ್ನ ಕಥೆ ಕೇಳಿ. ನನ್ನದು ಬೇರೆ ಗಾಡಿ, ನಿಮ್ಮದಕ್ಕಿಂತ ಎತ್ತರ. ಎರಡು ವರ್ಷದ ಹಿಂದೆ ಒಂದು ಅಂಗಡಿಯಲ್ಲಿ ಹಿಂದಿನ ಶಾಕ್ ತೆಗೆಸಿ ಗಿಡ್ಡನೆಯದು ಹಾಕಿಸಿದೆ. ಎರಡೂ ಪಾದ ನೆಲಕ್ಕೆ ಸರಿಯಾಗಿ ಊರಿದವು. ಆ ದಿನ ಆದ ಸಂತೋಷ ಅಷ್ಟಿಷ್ಟಲ್ಲ.

ಮರುದಿನ ಸೈಡ್ ಸ್ಟ್ಯಾಂಡ್ ಹಾಕಿ ಅಂಗಡಿಯೊಳಗೆ ಹೋಗಿ ಬರುವಷ್ಟರಲ್ಲಿ ಗಾಡಿ ಬಲಕ್ಕೆ ಬಿದ್ದಿತ್ತು. ಗಾಡಿ ತಗ್ಗಿದೆ, ಸ್ಟ್ಯಾಂಡಿನ ಉದ್ದ ಮೊದಲಿನಷ್ಟೇ ಇದೆ. ಹಾಗಾಗಿ ಗಾಡಿ ಎಡಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತಿತ್ತು, ಸ್ವಲ್ಪ ತಳ್ಳಿದರೂ ಆಚೆ ಬೀಳುವಂತಿತ್ತು. ಡಬಲ್ ಸ್ಟ್ಯಾಂಡ್ ಹಾಕಲು ಇಬ್ಬರು ಬೇಕಾಯಿತು. ಹೆಡ್‌ಲೈಟ್ ಮರದ ಕೊಂಬೆಗೆ ಬೆಳಕು ಬೀರುತ್ತಿತ್ತು. ಕವಲೇದುರ್ಗದ ಕಡೆಗೆ ಹೋದಾಗ ಕಲ್ಲೊಂದು ಎಂಜಿನ್ನಿನ ಅಡಿಗೆ ಬಡಿದ ಸದ್ದು ಇನ್ನೂ ಕಿವಿಯಲ್ಲಿದೆ. ಆಗುಂಬೆ ಇಳಿಯುವಾಗ ತಿರುವಿನಲ್ಲಿ ವಾಲಿಸಿದರೆ ಫುಟ್‌ರೆಸ್ಟ್ ರಸ್ತೆಗೆ ಕೆರೆಯುತ್ತಿತ್ತು. ನಾಲ್ಕು ತಿಂಗಳ ನಂತರ ಹಳೆಯ ಶಾಕನ್ನೇ ಮತ್ತೆ ಹಾಕಿಸಿದೆ. ಬಯಲುಸೀಮೆಯ ಹೆದ್ದಾರಿಯಲ್ಲಾದರೆ ಇದನ್ನು ಸಹಿಸಬಹುದೇನೋ, ನಮ್ಮ ದಾರಿಗಳಲ್ಲಿ ಖಂಡಿತ ಬೇಡ.

ಹಳೇ ಪಾನೆ (ಸಾಗರ)

ನಾನು ಮೂವತ್ತು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದೇನೆ. ತೀರ್ಥಹಳ್ಳಿಯ ತಮ್ಮ ಹೇಳಿದ್ದು ಪೂರ್ತಿ ಸರಿ. ಮೇಡಂ, ಶಾಕ್ ಬದಲಿಸುವ ಯೋಚನೆಯನ್ನು ಸದ್ಯಕ್ಕೆ ಬದಿಗಿಡಿ. ಕಾಸು ಖರ್ಚಿಲ್ಲದೆ ಆಗುವ ಕೆಲಸಗಳೇ ಬೇಕಾದಷ್ಟಿವೆ, ಮೊದಲು ಅವನ್ನು ಮುಗಿಸಿ.

ನಿಮ್ಮ ಗಾಡಿಯ ಹಿಂದಿನ ಎರಡು ಶಾಕ್‌ಗಳ ಕೆಳತುದಿಯಲ್ಲಿ ಮೆಟ್ಟಿಲು ಮೆಟ್ಟಿಲಾದ ಒಂದು ಬಳೆ ಇದೆ. ಆರು ಹಂತ. ಹುಕ್ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆಯಾಗುತ್ತದೆ. ನಿಮ್ಮ ಅಣ್ಣ ಜನ ಕೂರಿಸಿಕೊಂಡು ಓಡಾಡುತ್ತಿದ್ದರೆ ಅದು ಮೇಲಿನ ಹಂತದಲ್ಲೇ ಉಳಿದಿರುವ ಸಾಧ್ಯತೆ ಇದೆ. ತೂಕ ಕಡಿಮೆ ಇರುವವರು ಅದರ ಮೇಲೆ ಕುಳಿತರೆ ಗಾಡಿ ಕೆಳಗಿಳಿಯುವುದೇ ಇಲ್ಲ. ಅತ್ಯಂತ ಕೆಳಗಿನ ಹಂತಕ್ಕೆ ತನ್ನಿ. ಎರಡೂ ಬದಿ ಒಂದೇ ಹಂತದಲ್ಲಿರಬೇಕು, ಇದನ್ನು ಮರೆಯಬೇಡಿ. ಹೀಗೆ ಮಾಡಿದರೆ ಸ್ಪ್ರಿಂಗ್ ಮೆತ್ತಗಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಸ್ಪ್ರಿಂಗಿನ ಗಡಸು ಹಾಗೆಯೇ ಇರುತ್ತದೆ, ಗಾಡಿ ಕೂರುವ ಮಟ್ಟ ಮಾತ್ರ ಬದಲಾಗುತ್ತದೆ. ಸಿಗುವುದು ಬೆರಳಗಲಕ್ಕಿಂತ ಕಡಿಮೆಯೇ ಇರಬಹುದು. ಹೆಬ್ಬೆರಳ ತುದಿ ಮಾತ್ರ ತಾಗುತ್ತಿರುವವರಿಗೆ ಅಷ್ಟೂ ದೊಡ್ಡದು. ಹಿಂದೆ ಯಾರನ್ನಾದರೂ ಕೂರಿಸಿಕೊಂಡು ಹೋಗುವ ದಿನ ಮತ್ತೆ ಎರಡು ಹಂತ ಏರಿಸಿ, ಇಲ್ಲದಿದ್ದರೆ ಹೊಂಡದಲ್ಲಿ ಶಾಕ್ ತಳ ಮುಟ್ಟುತ್ತದೆ.

ಕೆಲವು ಗಾಡಿಗಳಲ್ಲಿ ಮುಂದಿನ ಚಕ್ರ ಹಿಡಿದಿರುವ ಫೋರ್ಕನ್ನು ಕ್ಲಾಂಪಿನಲ್ಲಿ ಸ್ವಲ್ಪ ಮೇಲಕ್ಕೆ ಸರಿಸಿ ಮುಂಭಾಗ ತಗ್ಗಿಸುತ್ತಾರೆ. ಹೆಡ್‌ಲೈಟಿನ ಮುಸುಕಿನೊಳಗೆ ಫೋರ್ಕಿನ ತುದಿ ಅಡಗಿರುವ ನಿಮ್ಮ ಗಾಡಿಯಲ್ಲಿ ಅದರ ಗೋಜಿಗೆ ಹೋಗಬೇಡಿ.

ಇನ್ನೊಂದು ಕೇಳಬೇಕಿತ್ತು. ಕ್ಲಚ್ ಹಿಡಿಯುವಾಗ ನಿಮ್ಮ ಭುಜ ಮುಂದಕ್ಕೆ ಹೋಗುತ್ತದೆಯೇ?

ದಣಪೆಯಾಚೆ

ಹೌದು! ನೀವು ಕೇಳಿದ ಮೇಲೆ ಕುಳಿತು ನೋಡಿದೆ. ಕ್ಲಚ್ ಪೂರ್ತಿ ಬಿಟ್ಟಾಗ ಲಿವರ್ ಬೆರಳ ತುದಿಗೆ ಸಿಗುತ್ತದೆ ಅಷ್ಟೇ. ಹ್ಯಾಂಡಲ್ ಪೂರ್ತಿ ಬಲಕ್ಕೆ ತಿರುಗಿಸಿದರೆ ಎಡಗೈ ನೆಟ್ಟಗಾಗಿ ಬೆನ್ನು ಸೀಟಿನಿಂದ ಏಳುತ್ತದೆ. ಇದಕ್ಕೂ ಎತ್ತರಕ್ಕೂ ಸಂಬಂಧವಿದೆ ಎಂದು ನನಗೆ ಹೊಳೆದಿರಲಿಲ್ಲ.

ಹಳೇ ಪಾನೆ

ಅದೇ ಸಂಬಂಧ. ಕೈ ಎಟುಕದಿದ್ದರೆ ಮೈ ಮುಂದಕ್ಕೆ ಬಾಗುತ್ತದೆ, ಸೊಂಟ ತಿರುಗುತ್ತದೆ, ನೆಲಕ್ಕೆ ಇಳಿದ ಕಾಲು ಇನ್ನಷ್ಟು ಗಿಡ್ಡವಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಡಿ ತಿರುಗಿಸುವಾಗ ಬೀಳುವವರು ಬಹುಪಾಲು ಹೀಗೆಯೇ ಬೀಳುವುದು.

ಹ್ಯಾಂಡಲ್ ಹಿಡಿದಿರುವ ಕ್ಲಾಂಪಿನ ಬೋಲ್ಟ್‌ಗಳನ್ನು ಸಡಿಲಿಸಿ ಹ್ಯಾಂಡಲನ್ನು ನಿಮ್ಮ ಕಡೆಗೆ ಒಂದಿಷ್ಟು ತಿರುಗಿಸಿ. ಹೆಚ್ಚು ಬೇಡ. ಬಳಿಕ ಎರಡೂ ಲಿವರ್‌ಗಳನ್ನು ಅವುಗಳ ಜಾಗದಲ್ಲೇ ತಿರುಗಿಸಿ, ಮುಂಗೈ ಮತ್ತು ಬೆರಳು ಒಂದೇ ನೇರಕ್ಕೆ ಬರುವಂತೆ ಕೂರಿಸಿ. ಬೋಲ್ಟ್ ಬಿಗಿದ ಮೇಲೆ ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ನೋಡಬೇಕು. ಕ್ಲಚ್ ಕೇಬಲ್ ಎಳೆದಂತಾಗಬಾರದು, ಬ್ರೇಕಿನ ಪೈಪು ಬಿಗಿಯಬಾರದು, ಹ್ಯಾಂಡಲ್ ಟ್ಯಾಂಕಿಗೆ ತಾಗಬಾರದು. ಎಂಜಿನ್ ಚಾಲೂ ಇಟ್ಟು ಅತ್ತಿತ್ತ ತಿರುಗಿಸಿದಾಗ ತಾನಾಗಿ ರೇಸ್ ಏರಿದರೆ ಥ್ರಾಟಲ್ ಕೇಬಲ್ ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಹಾಗೆಯೇ ರಸ್ತೆಗೆ ಇಳಿಯಲೇಬೇಡಿ.

ಕಾಲಿನ ಬ್ರೇಕ್ ಪೆಡಲನ್ನೂ ಪಾದಕ್ಕೆ ಸರಿಯಾಗಿ ಹೊಂದಿಸಿಕೊಳ್ಳಿ. ಪಾದ ಎತ್ತಿ ಒತ್ತುವಂತಿರಬಾರದು, ಮುಂಗಾಲು ಇಳಿಸಿದರೆ ಸಾಕು ಎಂಬಂತಿರಬೇಕು. ಏರಿನಲ್ಲಿ ನಿಲ್ಲುವವರಿಗೆ ಇದೇ ಜೀವ.

ಮಳೆನೀರು (ಶಿವಮೊಗ್ಗ)

ಇಷ್ಟೆಲ್ಲ ಕಷ್ಟ ಯಾಕೆ? ತಗ್ಗಿನ ಗಾಡಿಗಳೇ ಸಿಗುತ್ತವಲ್ಲ. ಅದೇ ಕಂಪನಿಯ ಮೀಟಿಯೋರ್ 350 ಸೀಟು 765 ಮಿಲಿಮೀಟರ್, ಹಂಟರ್ 790. ಬಜಾಜ್ ಕಂಪನಿಯ ಅವೆಂಜರ್ ಕ್ರೂಸ್ 737 ಮಾತ್ರ. ಬದಲಾಯಿಸಿಕೊಳ್ಳುವುದು ಜಾಣತನ.

ಕೊಪ್ಪದ ಮೇಷ್ಟ್ರು

ಸಲಹೆ ತಪ್ಪಲ್ಲ, ಹೊಸದಾಗಿ ಕೊಳ್ಳುವವರು ಖಂಡಿತ ಯೋಚಿಸಬೇಕು. ಆದರೆ ಆ ಅಂಕಿಯೊಂದನ್ನೇ ನಂಬಬೇಡಿ. ನಾನು ಐದಡಿ ಎರಡಿಂಚು, ಇಪ್ಪತ್ತೆರಡು ವರ್ಷದಿಂದ ಈ ಗುಡ್ಡಗಳಲ್ಲಿ ಗಾಡಿ ಓಡಿಸುತ್ತಿದ್ದೇನೆ. ಸೀಟಿನ ಅಗಲವನ್ನು ಯಾರೂ ಹೇಳುವುದಿಲ್ಲ. ತಗ್ಗಾಗಿದ್ದೂ ಅಗಲವಾದ ಸೀಟು ತೊಡೆಯನ್ನು ಹೊರಕ್ಕೆ ತಳ್ಳುತ್ತದೆ, ಕಾಲು ಕವೆಯಂತಾಗಿ ನೆಲ ದೂರವಾಗುತ್ತದೆ. ಎತ್ತರವಿದ್ದರೂ ಮುಂದೆ ಸಪುರವಾದ ಸೀಟಿನಲ್ಲಿ ಕಾಲು ನೇರವಾಗಿ ಇಳಿಯುತ್ತದೆ.

ಅಮ್ಮಾ, ನೀವು ಒಂದು ಅಳತೆ ತೆಗೆದುಕೊಳ್ಳಿ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಿನಲ್ಲಿ ನಿಂತು, ತೊಡೆಸಂದಿಗೆ ದಪ್ಪ ಪುಸ್ತಕವೊಂದನ್ನು ಗೋಡೆಗೆ ಲಂಬವಾಗಿ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಂಚಿನಿಂದ ನೆಲಕ್ಕೆ ಎಷ್ಟು ಎಂದು ನೋಡಿ. ನಿಮ್ಮ ಒಟ್ಟು ಎತ್ತರಕ್ಕಿಂತ ಈ ಅಳತೆ ಮುಖ್ಯ.

ದಣಪೆಯಾಚೆ

ಮೇಷ್ಟ್ರೇ, 70 ಸೆಂಟಿಮೀಟರ್ ಬಂತು.

ಕೊಪ್ಪದ ಮೇಷ್ಟ್ರು

ಹಾಗಾದರೆ ಲೆಕ್ಕ ಹಾಕೋಣ. ಗಟ್ಟಿ ಅಟ್ಟೆಯ ಶೂ ಹಾಕಿದರೆ 3 ಸೆಂಟಿಮೀಟರ್ ಸೇರಿ 73. ಸೀಟು 80.5, ನೀವು ಕುಳಿತಾಗ ಸ್ಪ್ರಿಂಗ್ ಎರಡು ಮೂರು ಸೆಂಟಿಮೀಟರ್ ಇಳಿಯುತ್ತದೆ ಎಂದುಕೊಂಡರೆ 78. ಕೊರತೆ 5 ಸೆಂಟಿಮೀಟರ್, ಅದರ ಮೇಲೆ ಸೀಟಿನ ಅಗಲ ತಿನ್ನುವುದು ಬೇರೆ. ಇದನ್ನು ಒಂದೇ ಕಡೆ ತುಂಬಿಸಲು ಹೋದರೆ ತೀರ್ಥಹಳ್ಳಿಯವರಿಗೆ ಆದದ್ದೇ ಆಗುತ್ತದೆ. ಅಟ್ಟೆಯಲ್ಲಿ ಸ್ವಲ್ಪ, ಬಳೆಯಲ್ಲಿ ಸ್ವಲ್ಪ, ಸೀಟಿನಲ್ಲಿ ಸ್ವಲ್ಪ ಎಂದು ಹಂಚಬೇಕು.

ಉಳಿದದ್ದು ನಿಲ್ಲುವ ರೀತಿಯಲ್ಲಿದೆ. ನಾನು ಹೆಚ್ಚು ಹೇಳಬೇಕೆಂದಿರುವುದೂ ಇದನ್ನೇ. ಎರಡೂ ಕಾಲು ಇಳಿಸುವ ಆಸೆ ಬಿಡಿ. ಹೆಬ್ಬೆರಳುಗಳ ಮೇಲೆ ತೂಗಾಡುವುದಕ್ಕಿಂತ ಒಂದೇ ಪಾದವನ್ನು ಹಿಮ್ಮಡಿ ಸಮೇತ ಊರುವುದು ನೂರು ಪಾಲು ಭದ್ರ. ಗಾಡಿ ನಿಲ್ಲುವ ಕೊನೆಯ ಕ್ಷಣದಲ್ಲಿ ಸೀಟಿನ ಎಡಕ್ಕೆ ಅರ್ಧ ಕುಂಡೆ ಜಾರಿಸಿ, ಬಲಗಾಲು ಬ್ರೇಕ್ ಪೆಡಲಿನ ಮೇಲೇ ಇರಲಿ, ಎಡಗಾಲು ಊರಿ. ಗಾಡಿ ಒಂದಿಷ್ಟು ನಿಮ್ಮ ಕಡೆ ವಾಲುತ್ತದೆ, ಆ ಭಾರವನ್ನು ನೆಟ್ಟಗಿರುವ ಕಾಲು ಹೊರುತ್ತದೆ. ಅಂಗಳದಲ್ಲಿ ದಿನಕ್ಕೆ ಇಪ್ಪತ್ತು ಸಲ ಮಾಡಿ. ಹದಿನೈದು ದಿನದಲ್ಲಿ ಮೈಗೆ ಬರುತ್ತದೆ.

ಈಗ ನಿಮ್ಮ ದಣಪೆಯ ಮಾತಿಗೆ ಬರುತ್ತೇನೆ. ನಮ್ಮಲ್ಲಿ ವಾಹನ ಓಡುವುದು ರಸ್ತೆಯ ಎಡಕ್ಕೆ. ನೀರು ಹರಿಯಲೆಂದು ರಸ್ತೆಯ ನಡು ಎತ್ತರ, ಅಂಚು ತಗ್ಗು. ಅಂಚಿಗೆ ಹೋಗಿ ನಿಲ್ಲಿಸುವ ಸಂಭಾವಿತರಿಗೆ ಎಡಗಾಲಿನ ಕೆಳಗಿನ ನೆಲ ಇನ್ನೂ ನಾಲ್ಕು ಬೆರಳು ಕೆಳಗಿರುತ್ತದೆ. ಎತ್ತರದವರಿಗೆ ಇದು ಗೊತ್ತೇ ಆಗುವುದಿಲ್ಲ, ನಮಗೆ ಅದೇ ಬೀಳುವ ಜಾಗ. ಕಚ್ಚಾ ದಾರಿಯಾದರೆ ಮಧ್ಯದ ಹುಲ್ಲಿನ ಏರಿಗೆ ಎಡಗಾಲು ಸಿಗುವಂತೆ ಬಲಗಡೆಯ ಚಕ್ರದ ಜಾಡಿನಲ್ಲಿ ನಿಲ್ಲಿಸಿ. ಎದುರಿಗೆ ಏನೂ ಬರುತ್ತಿಲ್ಲ ಎಂದು ಖಾತ್ರಿಯಾದಲ್ಲಿ ಮಾತ್ರ. ಇಪ್ಪತ್ತು ಅಡಿ ದೂರದಿಂದಲೇ ಕಾಲಿಡುವ ಜಾಗವನ್ನು ಕಣ್ಣಲ್ಲಿ ಗುರುತು ಮಾಡಿಕೊಳ್ಳಿ. ತರಗೆಲೆ, ಪಾಚಿ, ಕೊಳೆತ ಅಡಿಕೆ ಸಿಪ್ಪೆ ಕಂಡರೆ ಮುಂದೆ ಹೋಗಿ ನಿಲ್ಲಿಸಿ.

ಸೂಜಿದಾರ (ಶಿವಮೊಗ್ಗ, ಸಾಗರ ರಸ್ತೆ)

ನಾನು ಸೀಟಿನ ಕೆಲಸ ಮಾಡುವವನು. ಮೇಷ್ಟ್ರು ಅಗಲದ ಮಾತು ಎತ್ತಿದ್ದು ಓದಿ ಬಹಳ ಸಂತೋಷವಾಯಿತು. ನನ್ನಲ್ಲಿಗೆ ಬರುವ ಹತ್ತು ಜನರಲ್ಲಿ ಒಂಬತ್ತು ಜನ "ಎರಡು ಇಂಚು ಇಳಿಸಿಕೊಡಿ" ಎಂದೇ ಕೇಳುತ್ತಾರೆ. ಎರಡು ಇಂಚು ಫೋಮ್ ತೆಗೆದರೆ ಉಳಿಯುವುದು ತಳದ ತಟ್ಟೆ. ಒಂದು ಗಂಟೆಯ ಸವಾರಿಗೆ ಮೂಳೆ ನೋಯುತ್ತದೆ.

ನಾನು ಮಾಡುವ ಕ್ರಮ ಹೀಗೆ. ಮೊದಲು ಗಿರಾಕಿಯನ್ನು ಗಾಡಿಯ ಮೇಲೆ ಕೂರಿಸಿ, ನಿಂತಾಗ ತೊಡೆಯ ಒಳಭಾಗ ಸೀಟಿಗೆ ಎಲ್ಲಿ ಒತ್ತುತ್ತದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕುತ್ತೇನೆ. ರೆಕ್ಸಿನ್ ಬಿಚ್ಚಿ, ಟ್ಯಾಂಕಿಗೆ ಹತ್ತಿರದ ಆ ಎರಡು ಭುಜಗಳನ್ನು ಇಳಿಜಾರಾಗಿ ಕೆತ್ತುತ್ತೇನೆ. ನಡುವಿನಿಂದ ತೆಗೆಯುವುದು ಒಂದು ಇಂಚಿಗಿಂತ ಕಡಿಮೆ. ಹಿಂದೆ ಕುಂಡೆ ಊರುವ ಜಾಗದ ಅಗಲವನ್ನು ಮುಟ್ಟುವುದೇ ಇಲ್ಲ. ಮುಂದಕ್ಕೆ ಇಳಿಜಾರು ಮಾಡಿದರೆ ಬ್ರೇಕ್ ಹಾಕಿದಾಗಲೆಲ್ಲ ಟ್ಯಾಂಕಿಗೆ ಜಾರುತ್ತೀರಿ, ಆದ್ದರಿಂದ ಕೂರುವ ಜಾಗ ಸಮತಟ್ಟಾಗಿಯೇ ಇರಬೇಕು. ಒಂದೇ ಸಲಕ್ಕೆ ಕೊಯ್ಯುವುದಿಲ್ಲ. ಕೆತ್ತಿ, ಕೂರಿಸಿ, ಮತ್ತೆ ಕೆತ್ತಿ. ಕೊಯ್ದ ಫೋಮ್ ಮತ್ತೆ ಬೆಳೆಯುವುದಿಲ್ಲವಲ್ಲ.

ಮಲೆನಾಡಿನವರು ಒಂದನ್ನು ಒತ್ತಾಯ ಮಾಡಿ ಮಾಡಿಸಿಕೊಳ್ಳಬೇಕು. ಹೊಸ ಹೊಲಿಗೆ ಎಂದರೆ ಹೊಸ ತೂತು. ಮಳೆಗಾಲದಲ್ಲಿ ನೀರು ಅದರಲ್ಲಿಳಿದು ಫೋಮ್ ಕುಡಿಯುತ್ತದೆ, ಬಿಸಿಲಿದ್ದ ದಿನವೂ ಕುಳಿತರೆ ಬಟ್ಟೆ ಒದ್ದೆ. ರೆಕ್ಸಿನ್ ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿಸಿ, ಹೊಲಿಗೆಯ ಒಳಬದಿಗೆ ಅಂಟು ಹಚ್ಚಿಸಿ. ಸಾಧ್ಯವಿದ್ದರೆ ಕಂಪನಿಯ ಸೀಟನ್ನು ಮನೆಯಲ್ಲಿಟ್ಟು, ಹಳೆಯ ಸೀಟೊಂದನ್ನು ಹುಡುಕಿ ತನ್ನಿ, ಅದನ್ನೇ ಕೆತ್ತೋಣ.

ಕಾನುಮನೆ (ಶೃಂಗೇರಿ)

ಇಲ್ಲಿ ಯಾರೂ ಗಾಡಿಯಿಂದ ಇಳಿದು ತಳ್ಳುವ ಬಗ್ಗೆ ಹೇಳಲಿಲ್ಲ. ನನಗೆ ಹೆಚ್ಚು ಉಪಯೋಗವಾದದ್ದು ಅದು. ಸೀಟಿನ ಮೇಲೆ ಕುಳಿತು ಹೆಬ್ಬೆರಳಿನಿಂದ ಗಾಡಿ ಹಿಂದಕ್ಕೆ ತಳ್ಳಲು ಆಗುವುದಿಲ್ಲ, ಹೋಗಲಿ ಬಿಡಿ. ಇಳಿದು ಎಡಬದಿಗೆ ನಿಂತು, ಸೊಂಟವನ್ನು ಸೀಟಿಗೆ ಆನಿಸಿ, ಎರಡು ಕೈ ಹ್ಯಾಂಡಲಿಗೆ, ಎರಡು ಬೆರಳು ಮುಂದಿನ ಬ್ರೇಕಿಗೆ. ಗಾಡಿ ನಿಮ್ಮ ಮೈಗೆ ಒರಗಿರಬೇಕು. ಆಚೆ ವಾಲಲು ಬಿಟ್ಟರೆ ಹಿಡಿಯಲಾಗದು.

ಇಳಿಜಾರಿಗೆ ಮೂತಿ ಮಾಡಿ ಯಾವತ್ತೂ ನಿಲ್ಲಿಸಬೇಡಿ, ಹಿಂದಕ್ಕೆ ತೆಗೆಯುವಷ್ಟರಲ್ಲಿ ಸೋತು ಹೋಗುತ್ತೀರಿ. ಮೂತಿ ಏರಿನ ಕಡೆ ಇರಲಿ, ಮೊದಲ ಗೇರಿನಲ್ಲಿ ಬಿಡಿ. ಮಳೆಗಾಲದಲ್ಲಿ ಸೈಡ್ ಸ್ಟ್ಯಾಂಡ್ ಕೆಸರಿಗೆ ಇಳಿಯುತ್ತದೆ. ನನ್ನ ಚೀಲದಲ್ಲಿ ಅಂಗೈಯಗಲದ ಹಲಗೆ ತುಂಡೊಂದು ಸದಾ ಇರುತ್ತದೆ, ಒಂದು ದಾರ ಕಟ್ಟಿ ಹ್ಯಾಂಡಲಿಗೆ ಸಿಕ್ಕಿಸಿಟ್ಟರೆ ಬಗ್ಗದೆ ಎತ್ತಿಕೊಳ್ಳಬಹುದು.

ಬಿದ್ದ ಗಾಡಿಯನ್ನು ಒಬ್ಬರೇ ಎತ್ತಬಹುದು. ಎಂಜಿನ್ ಆರಿಸಿ, ಗೇರಿಗೆ ಹಾಕಿ. ಬಲಕ್ಕೆ ಬಿದ್ದಿದ್ದರೆ ಮೊದಲೇ ಸೈಡ್ ಸ್ಟ್ಯಾಂಡ್ ಬಿಚ್ಚಿಡಿ. ಗಾಡಿಗೆ ಬೆನ್ನು ಮಾಡಿ ಕುಕ್ಕರಗಾಲಿನಲ್ಲಿ ಕುಳಿತು, ಕುಂಡೆಯನ್ನು ಸೀಟಿನ ಅಂಚಿಗೆ ಆನಿಸಿ, ಒಂದು ಕೈ ಹ್ಯಾಂಡಲಿನ ತುದಿಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಬೆನ್ನು ನೆಟ್ಟಗಿಟ್ಟು ಸಣ್ಣ ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ನಡೆಯಿರಿ. ತೋಳಿನಿಂದ ಎಳೆಯಬೇಡಿ, ತೊಡೆ ಎತ್ತಲಿ.

ಮಳೆನೀರು

ಮೇಲಿನದೆಲ್ಲ ಓದಿದೆ. ಗಾಡಿ ಬದಲಾಯಿಸಿ ಎಂದ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ: ಚಾಸಿಸ್ ಕತ್ತರಿಸುವ, ವೆಲ್ಡ್ ಮಾಡುವ ಕೆಲಸಕ್ಕೆ ಯಾರೂ ಒಪ್ಪಬೇಡಿ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಂ ಇಂಥ ಮಾರ್ಪಾಡಿಗೆ ಅಡ್ಡಿ ಮಾಡುತ್ತದೆ, ಅದಕ್ಕಿಂತ ಮೊದಲು ಜೀವಕ್ಕೆ ಅಪಾಯ.

ದಣಪೆಯಾಚೆ (ಏಳು ವಾರಗಳ ನಂತರ)

ಎಲ್ಲರಿಗೂ ತಡವಾಗಿ ಉತ್ತರಿಸುತ್ತಿದ್ದೇನೆ, ಕ್ಷಮಿಸಿ. ಮೊಣಕಾಲು ಇಳಿಯಲು ಹತ್ತು ದಿನ ಹಿಡಿಯಿತು.

ಹಿಂದಿನ ಶಾಕಿನ ಬಳೆ ಐದನೇ ಹಂತದಲ್ಲಿತ್ತು! ಕೆಳಗಿಳಿಸಿದೆವು. ಹ್ಯಾಂಡಲ್ ತಿರುಗಿಸಿದ ದಿನವೇ ಕೈ ಹಗುರವಾಯಿತು, ಈಗ ಪೂರ್ತಿ ತಿರುಗಿಸಿದರೂ ಬೆನ್ನು ಏಳುವುದಿಲ್ಲ. ಗಂಬೂಟು ಬಿಟ್ಟು ಗಟ್ಟಿ ಹಲ್ಲಿನ ಅಟ್ಟೆಯ ಶೂ ತೆಗೆದುಕೊಂಡೆ. ಅಟ್ಟೆ ದಪ್ಪವಾದ್ದರಿಂದ ಗೇರ್ ಲಿವರಿನ ಅಡಿಗೆ ಬೆರಳು ಹೋಗುತ್ತಿರಲಿಲ್ಲ, ಲಿವರನ್ನು ಒಂದು ಹಲ್ಲು ಮೇಲಕ್ಕೆ ಕೂರಿಸಬೇಕಾಯಿತು. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಬೇರೆಯವರಿಗೆ ಬೇಕಾಗಬಹುದು.

ಸೀಟು ಕೊನೆಗೆ ಮಾಡಿಸಿದೆ. ಹಳೆಯ ಸೀಟು ಸಿಕ್ಕಿತು. ಮೂರು ಸಲ ಕೂರಿಸಿ ಎಬ್ಬಿಸಿ ಕೆತ್ತಿದರು. ನಾನು ಕುಳಿತಾಗ ಈಗ ಎಡಪಾದ ಹಿಮ್ಮಡಿ ಸಮೇತ ಊರುತ್ತದೆ, ಬಲಗಾಲು ಬ್ರೇಕಿನ ಮೇಲಿದ್ದರೂ ಭಯವಾಗುವುದಿಲ್ಲ. ಎರಡೂ ಕಾಲು ಇಳಿಸಿದರೆ ಮುಂಗಾಲು ಪೂರ್ತಿ ನೆಲಕ್ಕೆ ಸಿಗುತ್ತದೆ. ಸೈಡ್ ಸ್ಟ್ಯಾಂಡ್, ಹೆಡ್‌ಲೈಟ್ ಎರಡನ್ನೂ ನೋಡಿಸಿದೆ, ಸರಿಯಾಗಿವೆ.

ಮೇಷ್ಟ್ರು ಹೇಳಿದ ಅಭ್ಯಾಸವನ್ನು ಅಂಗಳದಲ್ಲಿ ಅಪ್ಪನ ಎದುರಿಗೇ ಮಾಡಿದೆ. ಮೊದಲ ವಾರ ಅವರು ಗಾಡಿಯ ಪಕ್ಕದಲ್ಲೇ ಕೈ ಚಾಚಿಕೊಂಡು ನಿಲ್ಲುತ್ತಿದ್ದರು. ಮೂರನೇ ವಾರ ಜಗಲಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾ ನೋಡುತ್ತಿದ್ದರು. ಹೋದ ಮಂಗಳವಾರ ಆಗುಂಬೆ ಏರಿ ಬಂದೆ. ಹದಿನಾಲ್ಕು ತಿರುವುಗಳಲ್ಲಿ ಎರಡು ಕಡೆ ಎದುರಿಗೆ ಬಸ್ಸು ಬಂದು ಏರಿನಲ್ಲೇ ನಿಲ್ಲಬೇಕಾಯಿತು. ನಿಂತೆ, ಮತ್ತೆ ಹೊರಟೆ.

ದಣಪೆಯ ಹತ್ತಿರ ಚರಂಡಿಯ ಮೇಲೆ ಎರಡು ಜಂಬಿಟ್ಟಿಗೆ ಹಾಸಿದ್ದೇವೆ. ಆದರೂ ಅದಕ್ಕಿಂತ ಹತ್ತಡಿ ಹಿಂದೆ, ನೆಲ ಗಟ್ಟಿಯಿರುವಲ್ಲೇ ನಿಲ್ಲಿಸಿ ನಡೆದು ಹೋಗಿ ತೆಗೆಯುತ್ತೇನೆ.

ಹಳೇ ಪಾನೆ

ಬಹಳ ಸಂತೋಷ ಮೇಡಂ. ಬಳೆ ಇಳಿಸಿದ ಮೇಲೆ ಚೈನಿನ ಸಡಿಲವನ್ನು ಒಮ್ಮೆ ನೀವು ಕುಳಿತಿರುವಾಗಲೇ ನೋಡಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ ಎಣ್ಣೆ ಹಾಕಿ.

ಹೊಸ ಸದಸ್ಯೆ (ರಿಪ್ಪನ್‌ಪೇಟೆ)

ಅಕ್ಕ, ಇಡೀ ಚರ್ಚೆಯನ್ನು ಎರಡು ಸಲ ಓದಿದೆ. ನಾನು ನಾಲ್ಕಡಿ ಹನ್ನೊಂದಿಂಚು. ಗೇರಿನ ಗಾಡಿ ಕಲಿಯಬೇಕೆಂದು ಆಸೆ. ನನಗೂ ಆಗುತ್ತದೆಯೇ ಎಂದು ಒಮ್ಮೆ ನಿಮ್ಮ ಗಾಡಿಯ ಮೇಲೆ ಕುಳಿತು ನೋಡಬಹುದೇ?

ದಣಪೆಯಾಚೆ

ಖಂಡಿತ ಬನ್ನಿ ತಂಗಿ. ಭಾನುವಾರ ಲಸಿಕೆಯ ಕೆಲಸವಿಲ್ಲ, ಹತ್ತು ಗಂಟೆಯ ಮೇಲೆ ಮನೆಯಲ್ಲೇ ಇರುತ್ತೇನೆ. ಗೋಡೆಗೆ ನಿಂತು ಕಾಲಿನ ಅಳತೆ ತೆಗೆದುಕೊಂಡೇ ಬನ್ನಿ, ಗಟ್ಟಿ ಅಟ್ಟೆಯ ಶೂ ಇರಲಿ. ಕಲಿಯಲು ನನ್ನ ಗಾಡಿ ಭಾರವಾಗಬಹುದು, ಪಕ್ಕದ ಮನೆಯವರ ಸ್ಪ್ಲೆಂಡರ್ ಕೇಳಿಟ್ಟಿರುತ್ತೇನೆ. ಅಪ್ಪ ಪಕ್ಕದಲ್ಲಿ ನಿಂತಿರುತ್ತಾರೆ.